ಹಾಡು ಆರಿಸುವವರು ಯಾರು, ಹಣ ಕೊಡುವವರು ಯಾರು: ಸಿಯಾಟಲ್‌ನ ಕೆಇಎಕ್ಸ್‌ಪಿ ರೇಡಿಯೊ ನಿಂತ ಬಗೆ

ಅಮೆರಿಕದ ಸಾರ್ವಜನಿಕ ರೇಡಿಯೊ ಮತ್ತು ಟಿವಿಗೆ ಎರಡು ವರ್ಷಕ್ಕೆಂದು ಆಗಲೇ ಮಂಜೂರಾಗಿದ್ದ ಸುಮಾರು 110 ಕೋಟಿ ಡಾಲರನ್ನು 2025ರ ಜುಲೈ 24ರಂದು ಸಹಿ ಬಿದ್ದ ಕಾಯ್ದೆಯೊಂದು ವಾಪಸ್ ಪಡೆಯಿತು. ಆ ಹಣವನ್ನು ಹಂಚುತ್ತಿದ್ದುದು 1967ರಲ್ಲಿ ಕಾನೂನಿನ ಮೂಲಕ ಹುಟ್ಟಿದ ಸಿಪಿಬಿ ಎಂಬ ನಿಗಮ. ಒಂದೇ ವಾರದಲ್ಲಿ ಅದು ಬಾಗಿಲು ಮುಚ್ಚುವ ತಯಾರಿ ಪ್ರಕಟಿಸಿತು. 2026ರ ಜನವರಿಯಲ್ಲಿ ಅದರ ಆಡಳಿತ ಮಂಡಳಿ ನಿಗಮವನ್ನೇ ವಿಸರ್ಜಿಸಿತು. ಅಲಾಸ್ಕದಂಥ ದೂರದ ಪ್ರದೇಶಗಳಲ್ಲಿ ಆದಾಯದ ಅರ್ಧಕ್ಕಿಂತ ಹೆಚ್ಚು ಪಾಲನ್ನು ಇದೇ ಮೂಲದಿಂದ ಪಡೆಯುತ್ತಿದ್ದ ಕೇಂದ್ರಗಳಿದ್ದವು. ಅವುಗಳಿಗೆ ಇದು ಉಸಿರು ಕಟ್ಟುವ ಪೆಟ್ಟು.

ಸಿಯಾಟಲ್‌ನ 90.3 ಎಫ್‌ಎಂನಲ್ಲಿ ಕೇಳಿಸುವ ಕೆಇಎಕ್ಸ್‌ಪಿಗೂ ಸಿಪಿಬಿ ಹಣ ಬರುತ್ತಿತ್ತು, ಅದೂ ನಿಂತಿತು. ಆದರೆ ಅದರ ಬಜೆಟ್ಟಿನಲ್ಲಿ ಆ ಪಾಲು ಸಣ್ಣದು, ದೊಡ್ಡ ಪಾಲು ಕೇಳುಗರದು. ಸಿಯಾಟಲ್ ಬಳಿಯ ರೆಡ್ಮಂಡ್, ಬೆಲ್‌ವ್ಯೂ ಕಡೆ ಸಾಫ್ಟ್‌ವೇರ್ ಕೆಲಸದಲ್ಲಿರುವ ಕನ್ನಡಿಗರಿಗೆ ಇದು ಕಾರಿನಲ್ಲಿ ಕೇಳುವ ಪರಿಚಿತ ರೇಡಿಯೊ. ಇಲ್ಲಿ ಕರ್ನಾಟಕದಲ್ಲಿರುವ ಸಂಗೀತಪ್ರಿಯರಿಗೆ ಇದು ಗೊತ್ತಿರುವುದು ಯೂಟ್ಯೂಬ್‌ನಲ್ಲಿ, ಸ್ಟುಡಿಯೊದೊಳಗೆ ಬ್ಯಾಂಡ್‌ಗಳು ನುಡಿಸುವ ವಿಡಿಯೊಗಳಿಂದ. ಒಂದು ಊರಿನ ಪರ್ಯಾಯ ಸಂಗೀತದ ರೇಡಿಯೊ ಅರ್ಧ ಶತಮಾನ ಬಾಳಿದ್ದು ಹೇಗೆ ಎಂದು ಕೇಳಿದರೆ ಒಳ್ಳೆಯ ಅಭಿರುಚಿ ಇತ್ತು ಎನ್ನುವುದು ಅರ್ಧ ಉತ್ತರ ಮಾತ್ರ. ಯಾವ ಹಾಡು ಬರಬೇಕೆಂದು ತೀರ್ಮಾನಿಸುವವರು, ತಿಂಗಳ ಖರ್ಚು ತುಂಬುವವರು, ಪರವಾನಗಿ ಪತ್ರದಲ್ಲಿ ಹೆಸರಿರುವವರು: ಈ ಮೂವರ ನಡುವಿನ ಸಂಬಂಧವೇ ಇಡೀ ಕಥೆ.

ಒಂದು ಗಂಟೆ ಹೇಗೆ ಕಟ್ಟುತ್ತಾರೆ

ವಾಣಿಜ್ಯ ಎಫ್‌ಎಂನಲ್ಲಿ ನಿರೂಪಕರು ಹಾಡು ಆರಿಸುವುದಿಲ್ಲ. ಕಾರ್ಯಕ್ರಮ ನಿರ್ದೇಶಕರು ಕೆಲವೇ ಡಜನ್ ಚಾಲ್ತಿ ಹಾಡುಗಳ ಪಟ್ಟಿ ಮಾಡುತ್ತಾರೆ, ಸೆಲೆಕ್ಟರ್ ಅಥವಾ ಮ್ಯೂಸಿಕ್‌ಮಾಸ್ಟರ್‌ನಂಥ ತಂತ್ರಾಂಶ ಅವನ್ನು ದಿನದುದ್ದಕ್ಕೂ ಜೋಡಿಸುತ್ತದೆ. ಅತಿ ಜನಪ್ರಿಯ ಹಾಡು ಎರಡು ಮೂರು ಗಂಟೆಗೊಮ್ಮೆ ಮರಳಿ ಬರುತ್ತದೆ. ಇದಕ್ಕೆ ಕಾರಣ ಸೋಮಾರಿತನ ಅಲ್ಲ, ಜಾಹೀರಾತಿನ ಲೆಕ್ಕ. ಗುರುತಿಲ್ಲದ ಹಾಡು ಬಂದ ಕೂಡಲೇ ಒಂದಷ್ಟು ಜನ ಬೇರೆ ಕೇಂದ್ರಕ್ಕೆ ತಿರುಗಿಸುತ್ತಾರೆ, ತಿರುಗಿಸಿದವರ ಸಂಖ್ಯೆ ಜಾಹೀರಾತಿನ ದರವನ್ನು ಇಳಿಸುತ್ತದೆ.

ಇದಕ್ಕೆ ನೇರ ವಿರುದ್ಧ ತುದಿಯಲ್ಲಿ ನ್ಯೂಜೆರ್ಸಿಯ ಡಬ್ಲ್ಯುಎಫ್‌ಎಂಯು ಇದೆ. ಅಲ್ಲಿ ಪಟ್ಟಿಯೇ ಇಲ್ಲ. ಪ್ರತಿ ಡಿಜೆ ತನಗೆ ತೋಚಿದ್ದನ್ನು ಹಾಕುತ್ತಾರೆ. ಪ್ರಾಯೋಜಕರ ಹಣವನ್ನೂ ಅದು ಮುಟ್ಟುವುದಿಲ್ಲ. ನಾನು ಗೌರವಿಸುವ ಕೇಂದ್ರ ಅದು, ಆದರೆ ಆ ಪದ್ಧತಿಗೆ ಒಂದು ಮಿತಿ ಇದೆ: ಹೊಸ ಬ್ಯಾಂಡಿನ ಹಾಡು ಒಮ್ಮೆ ಕೇಳಿಸಿ ಮಾಯವಾದರೆ ಯಾರ ನೆನಪಿನಲ್ಲೂ ಉಳಿಯುವುದಿಲ್ಲ.

ಕೆಇಎಕ್ಸ್‌ಪಿ ಇವೆರಡರ ನಡುವೆ ನಿಂತಿದೆ. ಬಂದ ಹೊಸ ಧ್ವನಿಮುದ್ರಿಕೆಗಳನ್ನು ಸಂಗೀತ ವಿಭಾಗದವರು ಕೇಳಿ, ಎಷ್ಟು ಸಲ ಹಾಕಬೇಕು ಎಂಬುದಕ್ಕೆ ತಕ್ಕಂತೆ ಹೆವಿ, ಮೀಡಿಯಂ, ಲೈಟ್ ಎಂದು ವಿಂಗಡಿಸುತ್ತಾರೆ. ಡಾನ್ ಯೇಟ್ಸ್ ದಶಕಗಳ ಕಾಲ ಈ ಕೆಲಸ ಮಾಡಿದವರು. ಹಗಲಿನ ಕಾರ್ಯಕ್ರಮಗಳ ಡಿಜೆಗಳು ಗಂಟೆಗೆ ಇಷ್ಟು ಹಾಡನ್ನು ಈ ವಿಂಗಡಣೆಯಿಂದ ತೆಗೆದುಕೊಳ್ಳಬೇಕು, ಆದರೆ ಆಲ್ಬಂನ ಯಾವ ಹಾಡು, ಯಾವ ಹಾಡಿನ ಪಕ್ಕದಲ್ಲಿ ಎಂಬುದು ಅವರ ಇಷ್ಟ. ಉಳಿದ ಜಾಗ ಪೂರ್ತಿ ಅವರದೇ. ಇದರಿಂದ ಹೊಸ ಹೆಸರೊಂದು ವಾರದಲ್ಲಿ ಹಲವು ಸಲ, ಬೇರೆ ಬೇರೆ ಡಿಜೆಗಳ ಕೈಯಲ್ಲಿ, ಬೇರೆ ಬೇರೆ ಸಂದರ್ಭದಲ್ಲಿ ಕಿವಿಗೆ ಬೀಳುತ್ತದೆ. ನಾಲ್ಕನೇ ಸಲಕ್ಕೆ ಅದು ಪರಿಚಿತವಾಗಿರುತ್ತದೆ.

ಗಂಟೆಯ ಲೆಕ್ಕ ಹೀಗೆ. ಪ್ರತಿ ಗಂಟೆಯ ಆರಂಭದ ಆಸುಪಾಸಿನಲ್ಲಿ ಕೇಂದ್ರದ ಸಂಕೇತಾಕ್ಷರ ಮತ್ತು ಊರಿನ ಹೆಸರು ಹೇಳುವುದು ಕಡ್ಡಾಯ. ಪ್ರಾಯೋಜಕರ ಉಲ್ಲೇಖ, ಡಿಜೆಯ ಮಾತು, ಊರಿನ ಸಂಗೀತ ಕಛೇರಿಗಳ ಮಾಹಿತಿ ಕಳೆದರೆ 50 ನಿಮಿಷಕ್ಕೆ ತುಸು ಹೆಚ್ಚು ಉಳಿಯುತ್ತದೆ. ನಾಲ್ಕು ನಿಮಿಷದ ಹಾಡಾದರೆ ಹದಿಮೂರು ಹಿಡಿಸುತ್ತವೆ. ಮೂರು ನಾಲ್ಕು ಹಾಡು ಒಟ್ಟಿಗೆ ಹಾಕಿ, ಆಮೇಲೆ ಹಿಂದಿನಿಂದ ಮುಂದಕ್ಕೆ ಹೆಸರು ಹೇಳುವುದು ರೂಢಿ. ಹೆಸರು ಹೇಳುವ ಈ ಕೆಲಸವನ್ನು ಯಾರೂ ಹಗುರವಾಗಿ ನೋಡಬಾರದು. ಹೆಸರು ತಿಳಿಯದಿದ್ದರೆ ಕೇಳುಗರು ಆ ಬ್ಯಾಂಡಿನ ಧ್ವನಿಮುದ್ರಿಕೆ ಕೊಳ್ಳಲಾರರು, ಕಛೇರಿಗೆ ಹೋಗಲಾರರು.

ಎಡವುವುದು ಸಾಮಾನ್ಯವಾಗಿ ಜೋಡಣೆಯಲ್ಲಿ. 1970ರ ವಿನೈಲ್ ಧ್ವನಿಮುದ್ರಿಕೆಯ ಸರಾಸರಿ ಮಟ್ಟ ತಗ್ಗಿನದು, ಈಚಿನ ಮುದ್ರಣದ್ದು ಬಹಳ ಎತ್ತರ. ಮೊದಲೇ ಕಿವಿಗೊಟ್ಟು, ಧ್ವನಿ ಏರಿಸಿ ಇಳಿಸುವ ಫೇಡರ್ ಸರಿಪಡಿಸದಿದ್ದರೆ ಕಾರಿನಲ್ಲಿದ್ದವರು ಬೆಚ್ಚಿಬೀಳುತ್ತಾರೆ. ಇನ್ನೊಂದು ಅಪಾಯ ಬೈಗುಳ. ಬೆಳಗಿನ 6ರಿಂದ ರಾತ್ರಿ 10ರವರೆಗೆ ಅಶ್ಲೀಲ ಮಾತು ಪ್ರಸಾರವಾಗಕೂಡದು. 2006ರ ಕಾಯ್ದೆಯೊಂದು ದಂಡದ ಮಿತಿಯನ್ನು ಪ್ರತಿ ಉಲ್ಲಂಘನೆಗೆ 3,25,000 ಡಾಲರ್‌ಗೆ ಏರಿಸಿತು. ಪಂಕ್, ಹಿಪ್‌ಹಾಪ್ ಹಾಕುವ ಕೇಂದ್ರದಲ್ಲಿ ಪೂರ್ತಿ ಕೇಳಿ ನೋಡದ ಹಾಡನ್ನು ಹಗಲಿನಲ್ಲಿ ಹಾಕುವಂತೆಯೇ ಇಲ್ಲ.

ಅಂತರ್ಜಾಲ ಪ್ರಸಾರಕ್ಕೆ ಹಕ್ಕುಸ್ವಾಮ್ಯ ಕಾನೂನಿನ ಬೇರೆಯೇ ನಿಯಮಗಳು. ಮೂರು ಗಂಟೆಯ ಅವಧಿಯಲ್ಲಿ ಒಂದೇ ಆಲ್ಬಂನಿಂದ ಮೂರಕ್ಕಿಂತ ಹೆಚ್ಚು ಹಾಡು ಸಲ್ಲದು, ಅದರಲ್ಲೂ ಎರಡಕ್ಕಿಂತ ಹೆಚ್ಚು ಒಂದರ ಹಿಂದೊಂದು ಬರಬಾರದು. ಒಬ್ಬ ಕಲಾವಿದರ ಹಾಡು ನಾಲ್ಕಕ್ಕೆ ಮಿತಿ. ಮುಂದೆ ಯಾವ ಹಾಡು ಬರುತ್ತದೆ ಎಂಬ ಪಟ್ಟಿಯನ್ನು ಮೊದಲೇ ಪ್ರಕಟಿಸುವಂತಿಲ್ಲ. ಕೆಇಎಕ್ಸ್‌ಪಿಯ ಹಳೆಯ ಪ್ರಸಾರ ಎರಡು ವಾರದವರೆಗೆ ಮಾತ್ರ ಮರಳಿ ಕೇಳಸಿಗುವುದು ಇದೇ ಕಾನೂನಿನ ಕಾರಣಕ್ಕೆ. ಆದ್ದರಿಂದ ಒಬ್ಬರೇ ಕಲಾವಿದರ ಹಾಡನ್ನು ದಿನವಿಡೀ ಹಾಕುವುದು ಸುಲಭವಲ್ಲ. ಅವರ ಮೇಲೆ ಪ್ರಭಾವ ಬೀರಿದವರು, ಅವರಿಂದ ಕಲಿತವರು ನಡುನಡುವೆ ಬಂದರೆ ಕಾನೂನೂ ಉಳಿಯುತ್ತದೆ, ಕೇಳುಗರೂ ಏನಾದರೂ ಕಲಿಯುತ್ತಾರೆ. 2015ರಲ್ಲಿ ಬೀಸ್ಟಿ ಬಾಯ್ಸ್ ತಂಡದ 'ಪಾಲ್ಸ್ ಬುಟೀಕ್' ಆಲ್ಬಂ ಕುರಿತು ಕೆಇಎಕ್ಸ್‌ಪಿ ಮಾಡಿದ 12 ಗಂಟೆಗಳ ಪ್ರಸಾರ ಈ ಬಗೆಯ ಕಟ್ಟುವಿಕೆಯ ಅತ್ಯುತ್ತಮ ಮಾದರಿ. ಆಲ್ಬಂನ ಹಾಡುಗಳ ಜತೆಗೆ, ಅವುಗಳಲ್ಲಿ ತುಣುಕಾಗಿ ಬಳಕೆಯಾದ ನೂರಕ್ಕೂ ಹೆಚ್ಚು ಹಳೆಯ ಹಾಡುಗಳನ್ನು ಒಂದೊಂದಾಗಿ ಹಾಕಿದರು. ಒಂದು ಆಲ್ಬಂನ ಮೂಲಕ ಫಂಕ್, ಸೋಲ್, ರಾಕ್‌ನ ಇತಿಹಾಸವನ್ನೇ ಬಿಚ್ಚಿಟ್ಟ ಪಾಠ ಅದು. ಶಿಫಾರಸು ಮಾಡುವ ಯಾವ ಅಲ್ಗಾರಿದಂ ಕೂಡ ಇಂಥದನ್ನು ಕಟ್ಟುವುದಿಲ್ಲ, ಏಕೆಂದರೆ ಅಲ್ಲಿ ಹೇಳಬೇಕಾದ ಮಾತೊಂದನ್ನು ಹಿಡಿದು ಕುಳಿತವರು ಯಾರೂ ಇಲ್ಲ.

ಸಂಜೆ ಮತ್ತು ವಾರಾಂತ್ಯ ವಿಶೇಷ ಕಾರ್ಯಕ್ರಮಗಳಿಗೆ. ಲ್ಯಾಟಿನ್ ಸಂಗೀತಕ್ಕೆ 'ಎಲ್ ಸೊನಿಡೊ', ರೆಗೆಗೆ 'ಪಾಸಿಟಿವ್ ವೈಬ್ರೇಷನ್ಸ್', ಹಿಪ್‌ಹಾಪ್‌ಗೆ 'ಸ್ಟ್ರೀಟ್ ಸೌಂಡ್ಸ್', ಮೂಲನಿವಾಸಿಗಳ ಸಂಗೀತಕ್ಕೆ 'ಸೌಂಡ್ಸ್ ಆಫ್ ಸರ್ವೈವೆನ್ಸ್', ಏಷ್ಯಾ ಮೂಲದ ಸಂಗೀತಕ್ಕೆ 'ಈಸ್ಟರ್ನ್ ಎಕೋಸ್'. ವಾಷಿಂಗ್ಟನ್, ಆರೆಗನ್ ರಾಜ್ಯಗಳ ಸುತ್ತಿನ ಸ್ಥಳೀಯ ಬ್ಯಾಂಡ್‌ಗಳಿಗೆ 'ಆಡಿಯೋಯೇಸಿಸ್'. ಈ ಕೊನೆಯದಕ್ಕೆ ದೊಡ್ಡ ಇತಿಹಾಸ ಇದೆ.

ಹತ್ತು ವಾಟ್‌ನಿಂದ

1972ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು ಸಂವಹನ ವಿಭಾಗದ ಕಟ್ಟಡದಲ್ಲಿ 10 ವಾಟ್‌ನ ಟ್ರಾನ್ಸ್‌ಮಿಟರ್ ಇಟ್ಟು 90.5ರಲ್ಲಿ ಶುರುಮಾಡಿದ ಕೆಸಿಎಂಯು ಎಂಬ ಕೇಂದ್ರವೇ ಮುಂದೆ ಕೆಇಎಕ್ಸ್‌ಪಿ ಆಯಿತು. ಕಟ್ಟಡದ ಸಂಕ್ಷಿಪ್ತನಾಮವೇ ಸಂಕೇತಾಕ್ಷರವಾಯಿತು. ಹತ್ತು ವಾಟ್ ಎಂದರೆ ಕ್ಯಾಂಪಸ್ಸು, ಅದರ ಆಚೆ ಒಂದೆರಡು ಬಡಾವಣೆ. 1978ರಲ್ಲಿ ಅಲ್ಲಿನ ಪ್ರಸಾರ ನಿಯಂತ್ರಣ ಆಯೋಗ ಎಫ್‌ಸಿಸಿ, ನೂರು ವಾಟ್‌ಗೆ ಏರದ ಇಂಥ ಪುಟ್ಟ ಕೇಂದ್ರಗಳ ತರಂಗಾಂತರಕ್ಕೆ ಇದ್ದ ರಕ್ಷಣೆ ತೆಗೆಯಿತು. ದೊಡ್ಡ ಕೇಂದ್ರವೊಂದು ಅದೇ ಜಾಗ ಕೇಳಿದರೆ ಪುಟ್ಟದು ಸರಿಯಬೇಕಿತ್ತು. ಕೆಸಿಎಂಯು 1982ರಲ್ಲಿ ವಿದ್ಯಾರ್ಥಿನಿಲಯವೊಂದರ ಚಾವಣಿಗೆ ಹತ್ತಿ 182 ವಾಟ್ ಆಯಿತು. ಅದೇ ದಶಕದಲ್ಲಿ ಕ್ಯಾಪಿಟಲ್ ಹಿಲ್‌ನ ಗೋಪುರಕ್ಕೂ 90.3ಕ್ಕೂ ಬಂತು. ಈಗ 4,700 ವಾಟ್. ಗುಡ್ಡಗಳ ಊರಿನಲ್ಲಿ ಎಫ್‌ಎಂಗೆ ವಾಟ್‌ನಷ್ಟೇ ಎತ್ತರವೂ ಮುಖ್ಯ. ಆಂಟೆನಾಗೆ ಕಣ್ಣಳತೆಯ ದಾರಿ ಸಿಗದ ಕಡೆ ಧ್ವನಿ ಒಡೆಯುತ್ತದೆ.

1980ರ ದಶಕದ ಆರಂಭದಲ್ಲಿ ವಿಶ್ವವಿದ್ಯಾಲಯ ಹಣ ಕಡಿತ ಮಾಡಿತು, ಕೇಂದ್ರ ಕೇಳುಗರ ಮುಂದೆ ಕೈಚಾಚಿತು. ಅದೇ ಹೊತ್ತಿಗೆ ಪರ್ಯಾಯ ಸಂಗೀತದ ಕಡೆ ಹೊರಳಿತು. ಎರಡೂ ಒಟ್ಟಿಗೆ ಆದದ್ದು ಗಮನಿಸಬೇಕು: ಬೇರೆಲ್ಲೂ ಸಿಗದ್ದನ್ನು ಕೊಟ್ಟರೆ ಮಾತ್ರ ಕೇಳುಗರು ಸ್ವಂತ ಜೇಬಿನಿಂದ ಕೊಡುತ್ತಾರೆ. ಆ ಕಾಲದ ಸ್ವಯಂಸೇವಕರಲ್ಲಿ ಸೌಂಡ್‌ಗಾರ್ಡನ್ ಬ್ಯಾಂಡಿನ ಕಿಮ್ ಥಾಯಿಲ್, ಮಡ್‌ಹನಿ ಬ್ಯಾಂಡಿನ ಮಾರ್ಕ್ ಆರ್ಮ್ ಇದ್ದರು. ಆಡಿಯೋಯೇಸಿಸ್ ನಡೆಸುತ್ತಿದ್ದ ಜೊನಾಥನ್ ಪೋನ್‌ಮನ್, ಅಲ್ಲೇ ಇನ್ನೊಂದು ಕಾರ್ಯಕ್ರಮ ಮಾಡುತ್ತಿದ್ದ ಬ್ರೂಸ್ ಪ್ಯಾವಿಟ್ ಸೇರಿ ಸಬ್ ಪಾಪ್ ಎಂಬ ಲೇಬಲ್, ಅಂದರೆ ಧ್ವನಿಮುದ್ರಿಕೆ ಕಂಪನಿ ಕಟ್ಟಿದರು. 1988ರಲ್ಲಿ ಕರ್ಟ್ ಕೋಬೇನ್ ನಿರ್ವಾಣ ತಂಡದ ಮೊದಲ ಸಿಂಗಲ್ಲನ್ನು ಕೇಂದ್ರಕ್ಕೆ ಕೊಟ್ಟು, ಹಾಡು ಬಾರದ್ದರಿಂದ ದಾರಿಯ ಪೆಟ್ರೋಲ್ ಬಂಕಿನಿಂದ ಫೋನು ಮಾಡಿ ತಾನೇ ಕೋರಿಕೆ ಸಲ್ಲಿಸಿದ ಸಂಗತಿ ಅಲ್ಲಿನ ಸಂಗೀತಪ್ರಿಯರಿಗೆಲ್ಲ ಗೊತ್ತು. ಡಿಜೆಗಳು ಧ್ವನಿಮುದ್ರಿಕೆಗಳ ಹೊದಿಕೆಯ ಮೇಲೆ ಪೆನ್ನಿನಲ್ಲಿ ಅಭಿಪ್ರಾಯ ಗೀಚುತ್ತಿದ್ದರು, ಮುಂದಿನವರು ಅದರ ಕೆಳಗೆ ಜಗಳವಾಡುತ್ತಿದ್ದರು. ಆ ಹೊದಿಕೆಗಳು ಇವತ್ತೂ ಕೇಂದ್ರದ ಗ್ರಂಥಾಲಯದಲ್ಲಿವೆ. ಸಂಗೀತ ವಿಮರ್ಶೆಯ ತರಬೇತಿ ನಡೆದದ್ದು ಅಲ್ಲಿ.

1992ರ ಜಗಳ ಈ ಹೆಮ್ಮೆಯ ಕಥೆಗಳಷ್ಟು ಪ್ರಸಿದ್ಧವಲ್ಲ, ಆದರೆ ಹೆಚ್ಚು ಕಲಿಸುತ್ತದೆ. ಆಡಳಿತ ಕೆಲವು ಸ್ವಯಂಸೇವಕರ ಹೊತ್ತನ್ನು ಕಿತ್ತು, ಹೊರಗೆ ತಯಾರಾಗಿ ದೇಶದುದ್ದಕ್ಕೂ ಹಂಚಿಕೆಯಾಗುವ ಕಾರ್ಯಕ್ರಮ ತಂದಿತು. ಪ್ರಸಾರದಲ್ಲಿ ಕೇಂದ್ರವನ್ನು ಟೀಕಿಸಬಾರದು ಎಂಬ ನಿಯಮ ಹೇರಿ, ಮೀರಿದವರನ್ನು ತೆಗೆದುಹಾಕಿತು. ಸ್ವಯಂಸೇವಕರೂ ಕೇಳುಗರೂ ಸೇರಿ 'ಕರ್ಸ್' ಎಂಬ ಗುಂಪು ಕಟ್ಟಿ ದೇಣಿಗೆ ನಿಲ್ಲಿಸುವ ಚಳವಳಿ ಹೂಡಿದರು, ನ್ಯಾಯಾಲಯಕ್ಕೂ ಹೋದರು. ಟೀಕೆ ನಿಷೇಧಿಸುವ ನಿಯಮ ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧ ಎಂದು ಒಕ್ಕೂಟ ನ್ಯಾಯಾಲಯ ತೀರ್ಪು ಕೊಟ್ಟಿತು. ವಿಶ್ವವಿದ್ಯಾಲಯ ಸರ್ಕಾರಿ ಸಂಸ್ಥೆಯಾಗಿದ್ದರಿಂದಲೇ ಆ ವಾದ ನಿಂತಿತು. ಖಾಸಗಿ ಒಡೆತನದ ಕೇಂದ್ರದಲ್ಲಿ ಆ ಬಾಗಿಲು ತೆರೆಯುತ್ತಿರಲಿಲ್ಲ.

ಒಡೆತನದ ಪ್ರಶ್ನೆ

2000ದಲ್ಲಿ ಕೆಸಿಎಂಯು ದಿನದ 24 ಗಂಟೆಯೂ ಸಿ.ಡಿ. ಗುಣಮಟ್ಟದ, ಸಂಕುಚಿಸದ ಧ್ವನಿಯನ್ನು ಅಂತರ್ಜಾಲದಲ್ಲಿ ಹರಿಯಬಿಟ್ಟಿತು. ಸೆಕೆಂಡಿಗೆ 44,100 ಮಾದರಿ, 16 ಬಿಟ್, ಎರಡು ಚಾನೆಲ್ ಗುಣಿಸಿದರೆ ಸುಮಾರು 14 ಲಕ್ಷ ಬಿಟ್. ಮನೆಯ ಮೋಡೆಮ್‌ಗಳು ಆಗ 56 ಸಾವಿರದ ಮೇಲೆ ಹೋಗುತ್ತಿರಲಿಲ್ಲ. ವಿಶ್ವವಿದ್ಯಾಲಯ, ಕಂಪನಿಗಳ ಜಾಲದಲ್ಲಿದ್ದ ಕೆಲವರಷ್ಟೇ ಅದನ್ನು ಕೇಳಬಲ್ಲವರಾಗಿದ್ದರು. ಆದರೂ ಸಿಯಾಟಲ್‌ನ ಆಚೆ ಕೇಳುಗರನ್ನು ಹುಡುಕುವ ನಿರ್ಧಾರ ಆಗಲೇ ಆಗಿತ್ತು. 2001ರಲ್ಲಿ ಮೈಕ್ರೊಸಾಫ್ಟ್ ಸಹಸಂಸ್ಥಾಪಕ ಪಾಲ್ ಆಲೆನ್ ಅವರ ಸಂಗೀತ ಸಂಗ್ರಹಾಲಯದ ಜತೆ ಪಾಲುದಾರಿಕೆ ಆಯಿತು, ಹೆಸರು ಕೆಇಎಕ್ಸ್‌ಪಿ ಎಂದು ಬದಲಾಯಿತು, ಮೊದಲ ಕೆಲವು ವರ್ಷ ಆ ಹಣ ಆಸರೆಯಾಯಿತು.

ವಿಸ್ತರಣೆಯ ಮೊದಲ ಎರಡು ಪ್ರಯತ್ನ ಸೋತವು. 2004ರಿಂದ ಟಕೋಮ ಊರಿನ 91.7ರಲ್ಲಿ ನಡೆಸಿದ ಮರುಪ್ರಸಾರ 2005ರ ಕೊನೆಗೆ ನಿಂತಿತು. 2008ರಲ್ಲಿ ನ್ಯೂಯಾರ್ಕ್ ನಗರಾಡಳಿತದ 91.5ರ ಜತೆ ಮಾಡಿಕೊಂಡ ಪಾಲುದಾರಿಕೆ 2011ರಲ್ಲಿ ಮುಗಿಯಿತು. ಎರಡರಲ್ಲೂ ತರಂಗಾಂತರ ಬೇರೆಯವರದು.

2014ರ ಬದಲಾವಣೆ ಇವೆಲ್ಲಕ್ಕಿಂತ ದೊಡ್ಡದು ಎಂದೇ ನನ್ನ ಅಭಿಪ್ರಾಯ. ಪರವಾನಗಿ ಅಲ್ಲಿಯವರೆಗೂ ವಿಶ್ವವಿದ್ಯಾಲಯದ ಹೆಸರಿನಲ್ಲಿತ್ತು. ಅದನ್ನು 'ಫ್ರೆಂಡ್ಸ್ ಆಫ್ ಕೆಇಎಕ್ಸ್‌ಪಿ' ಎಂಬ ಲಾಭರಹಿತ ಸಂಸ್ಥೆಗೆ 40 ಲಕ್ಷ ಡಾಲರ್ ಮೌಲ್ಯಕ್ಕೆ ವರ್ಗಾಯಿಸಿದರು. ನಗದು ಬರೀ 4 ಲಕ್ಷ, ಉಳಿದ 36 ಲಕ್ಷ ಹತ್ತು ವರ್ಷ ವಿಶ್ವವಿದ್ಯಾಲಯದ ಪರವಾಗಿ ಪ್ರಸಾರದಲ್ಲಿ ಮಾಡುವ ಉಲ್ಲೇಖಗಳ ರೂಪದಲ್ಲಿ. ಇದರ ಬೆಲೆ ತಿಳಿಯಬೇಕಾದರೆ ಸ್ಯಾನ್‌ಫ್ರಾನ್ಸಿಸ್ಕೊ ನೋಡಬೇಕು. ಅಲ್ಲಿನ ಕೆಯುಎಸ್‌ಎಫ್ ಕೂಡ ವಿಶ್ವವಿದ್ಯಾಲಯದ ರೇಡಿಯೊ, ಅದರದೂ 90.3, ಅದೂ ಪರ್ಯಾಯ ಸಂಗೀತಕ್ಕೆ ಹೆಸರಾದದ್ದು. 2011ರ ಜನವರಿಯಲ್ಲಿ ವಿಶ್ವವಿದ್ಯಾಲಯ ಅದನ್ನು 37.5 ಲಕ್ಷ ಡಾಲರ್‌ಗೆ ಮಾರುವ ಒಪ್ಪಂದ ಮಾಡಿಕೊಂಡು ಪ್ರಸಾರ ಕಡಿಯಿತು, ಆ ತರಂಗಾಂತರದಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಬಂತು. ವರ್ಷಗಟ್ಟಲೆ ದುಡಿದ ಸ್ವಯಂಸೇವಕರಿಗೆ ಹೇಳುವ ಹಕ್ಕೇ ಇರಲಿಲ್ಲ.

ಅದೇ ಊರಿನ ಬಳಿ 92.7ರ ಕೇಂದ್ರವನ್ನು ಕೆಇಎಕ್ಸ್‌ಪಿ ಹರಾಜಿನಲ್ಲಿ ಕೊಂಡಿತು, ಬೆಲೆ ಅದೇ 37.5 ಲಕ್ಷ. ಹಾಡುಗಳ ಹಕ್ಕುಸ್ವಾಮ್ಯದ ಮೊಕದ್ದಮೆಯಲ್ಲಿ ಸೋತು ಹಿಂದಿನ ಒಡೆತನ ದಿವಾಳಿಯಾಗಿತ್ತು. 2024ರ ಮಾರ್ಚ್ 19ರಂದು ಅಲ್ಲಿ ಕೆಇಎಕ್ಸ್‌ಸಿ ಹೆಸರಿನಲ್ಲಿ ಪ್ರಸಾರ ಆರಂಭವಾಯಿತು. ಟಕೋಮ, ನ್ಯೂಯಾರ್ಕ್‌ಗೂ ಇದಕ್ಕೂ ಇರುವ ವ್ಯತ್ಯಾಸ ಸ್ವಂತ ಪರವಾನಗಿ. ಸಿಯಾಟಲ್‌ನಿಂದ ಬರುವ ರೇಡಿಯೊ ಸ್ಯಾನ್‌ಫ್ರಾನ್ಸಿಸ್ಕೊಗೆ ಸ್ಥಳೀಯವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಅಲ್ಲಿನ ಬ್ಯಾಂಡ್‌ಗಳಿಗೆ ಹಗಲಿನ ಹೊತ್ತಿನಲ್ಲಿ ಎಷ್ಟು ಜಾಗ ಸಿಗುತ್ತದೆ ಎಂಬುದರಿಂದ ಅದಕ್ಕೆ ಉತ್ತರ ಸಿಗಬೇಕು.

ಈಗಿನ ಬಿಕ್ಕಟ್ಟಿನ ಕಾಣದ ಮುಖ

ಸಿಪಿಬಿ ಹೋದದ್ದರಿಂದ ಅನುದಾನ ಹೋಯಿತು ಎಂದಷ್ಟೇ ಸುದ್ದಿಯಾಯಿತು. ಸಂಗೀತ ಕೇಂದ್ರಗಳಿಗೆ ಅಷ್ಟೇ ದೊಡ್ಡ ನಷ್ಟ ಇನ್ನೊಂದಿದೆ: ನೂರಾರು ಸಾರ್ವಜನಿಕ ಕೇಂದ್ರಗಳ ಪರವಾಗಿ ಹಾಡಿನ ಹಕ್ಕುಗಳ ಸಗಟು ಒಪ್ಪಂದ ಮಾಡಿ ಹಣ ಕಟ್ಟುತ್ತಿದ್ದುದು ಸಿಪಿಬಿಯೇ. ಅಮೆರಿಕದ ಎಫ್‌ಎಂನಲ್ಲಿ ಹಾಡು ಬಂದರೆ ಗೀತರಚನೆ, ಸಂಗೀತ ರಚನೆ ಮಾಡಿದವರಿಗೆ ರಾಯಲ್ಟಿ, ಗಾಯಕರಿಗೂ ಲೇಬಲ್‌ಗೂ ಇಲ್ಲ. ಅಂತರ್ಜಾಲದಲ್ಲಿ ಬಂದರೆ ಅವರಿಗೂ ಕೊಡಬೇಕು, ಅದೂ ಎಷ್ಟು ಕಿವಿ ಕೇಳಿತೋ ಅಷ್ಟಕ್ಕೆ. ವಾಣಿಜ್ಯೇತರ ಅಂತರ್ಜಾಲ ಪ್ರಸಾರಕ್ಕೆ ತಿಂಗಳಿಗೆ 1,59,140 ಕೇಳುಗ ಗಂಟೆಯವರೆಗೆ (ಒಬ್ಬರು ಒಂದು ಗಂಟೆ ಕೇಳಿದರೆ ಒಂದು) ಕನಿಷ್ಠ ಶುಲ್ಕ ಸಾಕು. ಅಂದರೆ ಹಗಲೂ ರಾತ್ರಿ ಸರಾಸರಿ 218 ಜನ. ಅದನ್ನು ದಾಟಿದರೆ ಹಾಡೊಂದಕ್ಕೆ, ಕೇಳುಗರೊಬ್ಬರಿಗೆ ಎಂದು ಲೆಕ್ಕ. ಎಫ್‌ಎಂನಲ್ಲಿ ಸಾವಿರ ಜನ ಕೇಳಲಿ, ಲಕ್ಷ ಜನ ಕೇಳಲಿ, ವಿದ್ಯುತ್ ಬಿಲ್ಲು ಒಂದೇ. ಅಂತರ್ಜಾಲದಲ್ಲಿ ಜನಪ್ರಿಯತೆಯೇ ಖರ್ಚು.

ಪ್ರಾಯೋಜಕರಿಂದ ಈ ಕೊರತೆ ತುಂಬುವುದಕ್ಕೂ ಮಿತಿ ಇದೆ. 88ರಿಂದ 92 ಮೆಗಾಹರ್ಟ್ಸ್‌ವರೆಗಿನ ವಾಣಿಜ್ಯೇತರ ಪಟ್ಟಿಯಲ್ಲಿ ಪ್ರಾಯೋಜಕರ ಹೆಸರು, ವಿಳಾಸ, ಕೆಲಸ ಹೇಳಬಹುದು. ಬೆಲೆ ಹೇಳುವಂತಿಲ್ಲ, ಬೇರೆಯವರಿಗಿಂತ ಉತ್ತಮ ಎನ್ನುವಂತಿಲ್ಲ, ಬಂದು ಕೊಳ್ಳಿ ಎನ್ನುವಂತಿಲ್ಲ. ಹಾಗಾಗಿ ಮತ್ತೆ ಕೇಳುಗರೇ ಗತಿ. 2018ರಲ್ಲಿ ಹೆಸರು ಪೂರ್ತಿ ಬಹಿರಂಗಪಡಿಸದ ಕೇಳುಗರೊಬ್ಬರ ಆಸ್ತಿಯಿಂದ ಒಂದು ಕೋಟಿ ಡಾಲರ್ ಬಂದದ್ದು ಅಪರೂಪದ ಘಟನೆ, ನಿತ್ಯದ ಜೀವಾಳ ತಿಂಗಳಿಗೆ ಹತ್ತಿಪ್ಪತ್ತು ಡಾಲರ್ ಕೊಡುವವರು. ತಾಯಿಯನ್ನು ಕಳೆದುಕೊಂಡ ಕೆಇಎಕ್ಸ್‌ಪಿ ಡಿಜೆ ಜಾನ್ ರಿಚರ್ಡ್ಸ್ ತಮ್ಮ ಬೆಳಗಿನ ಕಾರ್ಯಕ್ರಮದಲ್ಲಿ ಪ್ರತಿವರ್ಷ ಅಗಲಿಕೆಯ ಕುರಿತೇ ಒಂದು ದಿನ ಮೀಸಲಿಡುತ್ತಾರೆ. ಅಂಥ ದಿನ ಕೇಳಿದವರು ರೇಡಿಯೊವನ್ನು ಬಿಟ್ಟುಕೊಡುವುದಿಲ್ಲ.

ಕೇಳುಗರ ಹಣವೊಂದೇ ಸಾಲದು ಎಂಬುದಕ್ಕೆ ಬೆಂಗಳೂರಿನಲ್ಲೇ ಸಾಕ್ಷಿ ಇದೆ. ಏಷ್ಯಾಸ್ಟಾರ್ ಉಪಗ್ರಹದ ಮೂಲಕ ಬರುತ್ತಿದ್ದ ಚಂದಾ ರೇಡಿಯೊ ವರ್ಲ್ಡ್‌ಸ್ಪೇಸ್‌ನ ಭಾರತದ ಮುಖ್ಯ ಕಚೇರಿ ಇಲ್ಲಿತ್ತು. ಕನ್ನಡಕ್ಕೆ 'ಸ್ಪರ್ಶ', ಕರ್ನಾಟಕ ಸಂಗೀತಕ್ಕೆ 'ಶ್ರುತಿ'ಯಂಥ ವಾಹಿನಿಗಳಿದ್ದವು, ಲಕ್ಷಕ್ಕೂ ಹೆಚ್ಚು ಜನ ಚಂದಾ ಕಟ್ಟಿದ್ದರು. 2008ರಲ್ಲಿ ಅಮೆರಿಕದ ಮಾತೃಕಂಪನಿ ದಿವಾಳಿ ರಕ್ಷಣೆ ಕೋರಿತು, 2009ರ ಡಿಸೆಂಬರ್ 31ರಂದು ಇಲ್ಲಿ ಪ್ರಸಾರ ನಿಂತಿತು. ಚಂದಾದಾರರ ಕೈಯಲ್ಲಿ ಉಳಿದದ್ದು ಬೇರೆ ಯಾವುದಕ್ಕೂ ಬಾರದ ರಿಸೀವರ್.

ಖಾಸಗಿ ಎಫ್‌ಎಂ ಭಾರತದಲ್ಲಿ ಶುರುವಾದದ್ದೂ ಬೆಂಗಳೂರಿನಲ್ಲೇ, 2001ರ ಜುಲೈನಲ್ಲಿ. ಆದರೆ ಮೊದಲ ಸುತ್ತಿನ ಪರವಾನಗಿ ಶುಲ್ಕ ವರ್ಷಕ್ಕೆ ಶೇ 15ರಂತೆ ಏರುತ್ತಿತ್ತು. ಆ ಹೊರೆಯಡಿ ಸಿನಿಮಾ ಹಾಡು ಬಿಟ್ಟು ಬೇರೆ ಹಾಕುವ ಧೈರ್ಯ ಹೆಚ್ಚಿನವರಿಗೆ ಬರಲಿಲ್ಲ. ಶುಲ್ಕ ಪದ್ಧತಿ 2005ರಲ್ಲಿ ಬದಲಾಯಿತು, ಅಭ್ಯಾಸ ಅಷ್ಟಾಗಿ ಬದಲಾಗಲಿಲ್ಲ. ಕನ್ನಡದ ಸ್ವತಂತ್ರ ಬ್ಯಾಂಡ್‌ಗಳಿಗೆ ಉಳಿದಿರುವ ದಾರಿ ಸಮುದಾಯ ಬಾನುಲಿ. 50 ವಾಟ್ ಟ್ರಾನ್ಸ್‌ಮಿಟರ್, ಗಂಟೆಗೆ ಗರಿಷ್ಠ 12 ನಿಮಿಷ ಜಾಹೀರಾತು. ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 74 ರೂಪಾಯಿ. ಹನ್ನೆರಡು ನಿಮಿಷವೂ ತುಂಬಿದರೆ ಗಂಟೆಗೆ 5,328 ರೂಪಾಯಿ, ಆದರೆ ಅಷ್ಟು ತುಂಬುವ ಕೇಂದ್ರ ಸಿಗುವುದು ಕಷ್ಟ.

ಈ ಚೌಕಟ್ಟಿನೊಳಗೆ ಸ್ವತಂತ್ರ ಸಂಗೀತಕ್ಕೆ ಜಾಗ ಮಾಡಬೇಕೆನ್ನುವ ಕೇಂದ್ರ ಮೊದಲು ಕಾರ್ಯಕ್ರಮ ನೀತಿಯನ್ನು ಬರೆದಿಡಬೇಕು: ಗಂಟೆಗೆ ಎಷ್ಟು ಸ್ವತಂತ್ರ ಕನ್ನಡ ಹಾಡು, ಹೊಸ ಹಾಡು ವಾರಕ್ಕೆ ಎಷ್ಟು ಸಲ ಮರಳಬೇಕು, ಯಾರು ವಿಂಗಡಿಸುತ್ತಾರೆ. ಪರವಾನಗಿ ಕಾಲೇಜು ಅಥವಾ ಟ್ರಸ್ಟಿನ ಹೆಸರಿನಲ್ಲಿರುವುದರಿಂದ ಕೇಂದ್ರದ ಸಲಹಾ ಸಮಿತಿಯಲ್ಲಿ ಕೇಳುಗರೂ ಸಂಗೀತಗಾರರೂ ಇರಬೇಕು. ಹಾಡಿನ ಅನುಮತಿಯನ್ನು ಬ್ಯಾಂಡಿನಿಂದಲೇ ಲಿಖಿತವಾಗಿ ಪಡೆಯಬಹುದು, ಧ್ವನಿಮುದ್ರಣದ ಹಕ್ಕು ಬಹುತೇಕ ಅವರ ಬಳಿಯೇ ಇರುತ್ತದೆ. ಆದರೆ ಸಾಹಿತ್ಯ ಮತ್ತು ಸಂಗೀತ ರಚನೆಯ ಹಕ್ಕನ್ನು ಅವರು ಗೀತರಚನೆಕಾರರ, ಸಂಗೀತ ರಚನೆಕಾರರ ಹಕ್ಕುಸ್ವಾಮ್ಯ ಸೊಸೈಟಿಯಾದ ಐಪಿಆರ್‌ಎಸ್‌ಗೆ ವಹಿಸಿದ್ದರೆ ಆ ಪತ್ರ ಸಾಲದು, ಸೊಸೈಟಿಯ ಪರವಾನಗಿಯೂ ಬೇಕು. ಹಾಡು ಪ್ರಸಾರವಾಗುವ ಮೊದಲೇ ಇದನ್ನು ಕೇಳಿ ತಿಳಿದುಕೊಳ್ಳಬೇಕು.